ಎರಡನೇ ಭಾಗ ಯಾರಿಗಾಗಿ? ಕೋಲಾರದಿಂದ ನೋಡಿದರೆ

2018ರ ಡಿಸೆಂಬರ್ 21ಕ್ಕೆ ಬಿಡುಗಡೆಯಾದ ‘ಕೆಜಿಎಫ್’ ಮೊದಲ ಅಧ್ಯಾಯದಲ್ಲಿ ಒಂದು ಕುಣಿತದ ಹಾಡಿದೆ. ಕನ್ನಡದಲ್ಲಿ ನೋಡಿದವರಿಗೆ ಅಲ್ಲಿ ತಮನ್ನಾ ಕಾಣುತ್ತಾರೆ. ಅದು 1970ರ ‘ಪರೋಪಕಾರಿ’ಯಲ್ಲಿ ಎಲ್.ಆರ್. ಈಶ್ವರಿ ಹಾಡಿದ್ದ ‘ಜೋಕೆ’ ಹಾಡಿನ ಹೊಸ ರೂಪ. ಹಿಂದಿಯಲ್ಲಿ ನೋಡಿದವರಿಗೆ ಅದೇ ಜಾಗದಲ್ಲಿ ಮೌನಿ ರಾಯ್ ಬರುತ್ತಾರೆ. ಹಾಡು 1989ರ ‘ತ್ರಿದೇವ್’ ಚಿತ್ರದ ‘ಗಲಿ ಗಲಿ’. ಸಿನಿಮಾ ಒಂದೇ, ನಾಯಕ ಒಬ್ಬನೇ, ಹಾಡು ಮಾತ್ರ ಬೇರೆ.

ಇಡೀ ಸಿನಿಮಾದಲ್ಲಿ ತುಂಬಾ ಜಾಣತನದ ಕೆಲಸ ಇದೇ ಅಂತ ನನಗೆ ಅನ್ನಿಸುತ್ತದೆ. ಹಿಂದಿ ಸೀಮೆಯಲ್ಲಿ ಆಗ ಯಶ್ ಅವರಿಗೆ ಹೇಳಿಕೊಳ್ಳುವಂಥ ಅಭಿಮಾನಿ ಬಳಗ ಇರಲಿಲ್ಲ. ಪರಿಚಯವೇ ಇಲ್ಲದ ಜನರ ಮುಂದೆ ಪರಿಚಯದ ಸಲಿಗೆ ಹುಟ್ಟಿಸುವುದು ಹೇಗೆ? ಅವರದೇ ಹಳೆ ಹಾಡನ್ನು ತಂದು ಹಾಕಿದರು. ನಮಗೆ ನಮ್ಮ ಹಳೆ ಹಾಡು ಕೊಟ್ಟರು. ಇಬ್ಬರಿಗೂ ಸೇರಿ ಒಂದೇ ಹಾಡು ಮಾಡಿದ್ದರೆ ಅದು ಯಾರದ್ದೂ ಆಗುತ್ತಿರಲಿಲ್ಲ.

ಈಗ ನೋಡಿ, ದೊಡ್ಡ ಬಜೆಟ್ಟಿನ ಸಿನಿಮಾ ಅಂದರೆ ಭಾಗ ಒಂದು, ಭಾಗ ಎರಡು ಅಂತಲೇ ಬರುತ್ತಿದೆ. ‘ಸಲಾರ್’ ಬಂದದ್ದು ಭಾಗ ಒಂದು ಅಂತ. ‘ದೇವರ’ ಕೂಡ ಹಾಗೇ. ‘ಪುಷ್ಪ’ ಎರಡಾಯಿತು. 2022ರ ‘ಕಾಂತಾರ’ಕ್ಕೆ 2025ರ ಅಕ್ಟೋಬರ್ 2ರಂದು ‘ಅಧ್ಯಾಯ 1’ ಬಂತು. ಸರಣಿ ಶುರು ಮಾಡುವುದು ಸುಲಭ. ಮೊದಲ ಭಾಗವನ್ನು ತಲೆ ಮೇಲೆ ಹೊತ್ತು ಮೆರೆಸಿದವರು ಒಂದು ಕಡೆ, ಅದನ್ನು ನೋಡದೇ ಈಗಷ್ಟೇ ಟಿಕೆಟ್ ತಗೊಂಡು ಬಂದವರು ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಮೂರು ಗಂಟೆ ಹಿಡಿದಿಡುವುದು ಕಷ್ಟ. ‘ಹಳಬರಿಗೆ ಸ್ವಲ್ಪ, ಹೊಸಬರಿಗೆ ಸ್ವಲ್ಪ ಕೊಟ್ಟರಾಯಿತು’ ಅನ್ನುವುದು ಉದ್ಯಮದ ಸಿದ್ಧ ಉತ್ತರ. ಆ ಲೆಕ್ಕವೇ ಸರಿ ಇಲ್ಲ ಅನ್ನುವುದು ನನ್ನ ವಾದ. ಈ ಇಬ್ಬರು ಕೇಳುತ್ತಿರುವುದು ಒಂದೇ ವಸ್ತುವಿನ ಎರಡು ಪಾಲನ್ನು ಅಲ್ಲವೇ ಅಲ್ಲ. ತಾನು ನಂಬಿದ್ದನ್ನು ಸುಳ್ಳು ಮಾಡಬೇಡಿ ಅಂತ ಹಳಬ ಕೇಳುತ್ತಾನೆ. ಒಳಗೆ ಬರಲು ಒಂದು ಬಾಗಿಲು ಬಿಡಿ ಅಂತ ಹೊಸಬ ಕೇಳುತ್ತಾನೆ. ಕಥೆಯ ಮಟ್ಟದಲ್ಲಿ ಇವೆರಡಕ್ಕೂ ಜಗಳವೇ ಇಲ್ಲ.

ಇದನ್ನು ಕೋಲಾರದಲ್ಲಿ ಕೂತು ಬರೆಯುವುದಕ್ಕೆ ಕಾರಣ ಇದೆ. ಎರಡನೇ ಅಧ್ಯಾಯದ ಹೊತ್ತಿಗೆ ದೇಶಕ್ಕೆಲ್ಲ ಗೊತ್ತಾದ ಆ ಮೂರು ಅಕ್ಷರ ನಮ್ಮ ಜಿಲ್ಲೆಯ ಒಂದು ಊರಿನ ಹೆಸರು. ಅದಕ್ಕಿಂತ ಮುಖ್ಯವಾಗಿ, ನಾವು ಬೇರೆಯವರ ಸಿನಿಮಾಗಳಿಗೆ ‘ಹೊಸ ಪ್ರೇಕ್ಷಕರು’ ಆಗಿ ಬಹಳ ಕಾಲದಿಂದ ಪಳಗಿದವರು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್, ಬಂಗಾರಪೇಟೆ ಕಡೆ ತಮಿಳು ಜಾಸ್ತಿ. ಒಂದೇ ಬೀದಿಯಲ್ಲಿ ಮೂರು ಭಾಷೆಯ ಹೀರೊಗಳಿಗೆ ಅಭಿಮಾನಿ ಸಂಘ ಇರುತ್ತದೆ. 2022ರ ಮಾರ್ಚ್‌ನಲ್ಲಿ ‘ಆರ್‌ಆರ್‌ಆರ್’ ತಂಡದವರು ಬಿಡುಗಡೆಗೆ ಮುಂಚಿನ ದೊಡ್ಡ ಕಾರ್ಯಕ್ರಮವನ್ನು ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಮಾಡಿದ್ದು ನೆನಪಿರಬಹುದು. ಪ್ರೇಕ್ಷಕ ಎಲ್ಲಿದ್ದಾನೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪರಭಾಷೆಯವರು ನಮಗಾಗಿ ಏನನ್ನೂ ಬಿಡಿಸಿ ಹೇಳಲಿಲ್ಲ. ಆದರೂ ನಾವು ಹೋದೆವು. ‘ಪುಷ್ಪ’ದ ನಾಯಕ ಮಾತಾಡುವುದು ಚಿತ್ತೂರು ಕಡೆಯ ತೆಲುಗು. ಮುಳಬಾಗಿಲು ದಾಟಿ ಪಲಮನೇರು ಕಡೆ ಹೋದರೆ ಕಿವಿಗೆ ಬೀಳುವ ಮಾತು ಅದೇ. ಹೈದರಾಬಾದಿನವರಿಗೇ ಅದು ಹೊರಗಿನ ಸೊಗಡು, ನಮ್ಮ ಗಡಿ ಹಳ್ಳಿಗಳಿಗೆ ಸಂತೆ ಮಾತು. ಆ ಸೊಗಡನ್ನು ತೊಳೆದು ಎಲ್ಲರಿಗೂ ತಿಳಿಯುವ ಪೇಟೆ ತೆಲುಗು ಮಾಡಿದ್ದರೆ ಪುಷ್ಪ ಹತ್ತರಲ್ಲಿ ಹನ್ನೊಂದನೆಯ ಹೀರೊ ಆಗುತ್ತಿದ್ದ.

ಹಳೆಯ ದಾರಿ: ಹೊಸ ಕೇಸು, ಹಳೆ ಸಿಐಡಿ

ಸರಣಿ ನಮಗೆ ಹೊಸದೇನಲ್ಲ. ದೊರೆ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮಾಡಿತು. ರಾಜ್‌ಕುಮಾರ್ ಸಿಐಡಿ 999. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕರಲ್ಲಿ ಯಾವುದನ್ನು ಮೊದಲು ನೋಡಿದರೂ ನಡೆಯುತ್ತದೆ. ಕೇಸು ಹೊಸದು, ಖಳ ಹೊಸಬ, ಜಾಗ ಹೊಸದು. ಬದಲಾಗದೇ ಉಳಿಯುವುದು ಆ ಮನುಷ್ಯನ ಗತ್ತು ಮಾತ್ರ. ಜೇಮ್ಸ್ ಬಾಂಡ್ ಚಿತ್ರಗಳೂ 1962ರಿಂದ ಬಹುಕಾಲ ಇದೇ ದಾರಿಯಲ್ಲೇ ನಡೆದವು.

ಈ ಮಾದರಿಯಲ್ಲಿ ಹೊಸಬರು–ಹಳಬರು ಅನ್ನುವ ತಕರಾರು ಹುಟ್ಟುವುದೇ ಇಲ್ಲ. ಪ್ರತಿ ಚಿತ್ರವೂ ತನಗೆ ತಾನೇ ಪೂರ್ತಿ. ಅದರ ಇನ್ನೊಂದು ಲಾಭ ಬಹಳ ವರ್ಷ ಆದ ಮೇಲೆ ಗೊತ್ತಾಯಿತು. ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಅವರೇ ಹಾಡಿದ ಇಂಗ್ಲಿಷ್ ಹಾಡು ದಶಕಗಳ ನಂತರ ಹುಡುಗರ ಮೊಬೈಲಿನಲ್ಲಿ ಹರಿದಾಡಿತು. ಸರಣಿಯ ಹೆಸರೂ ಗೊತ್ತಿಲ್ಲದವರು ಆ ಹಾಡಿನಿಂದ ಒಳಗೆ ಬಂದರು. ಬಾಗಿಲನ್ನು ಯಾರೂ ಯೋಜನೆ ಹಾಕಿ ಇಟ್ಟಿರಲಿಲ್ಲ. ಆದರೆ ಒಳಗೆ ಬಂದವರಿಗೆ ಹಿಂದಿನ ಮೂರು ಚಿತ್ರ ನೋಡಿ ಬನ್ನಿ ಅಂತ ಹೇಳುವ ಅಗತ್ಯವೂ ಬೀಳಲಿಲ್ಲ.

ಬರೀ ಹೆಸರನ್ನು ಮಾತ್ರ ಎತ್ತಿಕೊಳ್ಳುವ ದಾರಿಯೂ ಒಂದಿದೆ. 2001ರ ‘ಕೋಟಿಗೊಬ್ಬ’ ವಿಷ್ಣುವರ್ಧನ್ ಅವರದು. 2016ರ ‘ಕೋಟಿಗೊಬ್ಬ 2’ ಸುದೀಪ್ ಅವರದು. ಕಥೆಗೆ ಕಥೆ ಸಂಬಂಧ ಇಲ್ಲ. 2006ರ ‘ಮುಂಗಾರು ಮಳೆ’ಗೂ 2016ರ ಎರಡನೆಯದಕ್ಕೂ ನಾಯಕ ಗಣೇಶ್ ಅವರೇ, ಉಳಿದದ್ದು ಬೇರೆ. ಹೆಸರು ಜನರನ್ನು ಗೇಟಿನ ತನಕ ತರುತ್ತದೆ. ಒಳಗೆ ಕೂತ ಮೇಲೆ ಅದೇ ಹೆಸರು ಅಳತೆಗೋಲಾಗಿಬಿಡುತ್ತದೆ. ಆ ಅಳತೆಗೆ ಸಿಕ್ಕಿದ ಸಿನಿಮಾಕ್ಕೆ ಹೊಸದಾಗಿ ಹುಟ್ಟುವ ಅವಕಾಶವೇ ಇರುವುದಿಲ್ಲ.

ನಾಗವಲ್ಲಿಯ ಚಿತ್ರಪಟ

ಇಬ್ಬರನ್ನೂ ಒಟ್ಟಿಗೆ ಕೂರಿಸುವುದಕ್ಕೆ ಕನ್ನಡದಲ್ಲಿ ನನಗೆ ತುಂಬಾ ಇಷ್ಟವಾದ ಉದಾಹರಣೆ ‘ಆಪ್ತರಕ್ಷಕ’.

ಮೊದಲು ‘ಆಪ್ತಮಿತ್ರ’. 2004ರ ಆಗಸ್ಟ್‌ನಲ್ಲಿ ಬಂತು. 1993ರ ಮಲಯಾಳಂ ‘ಮಣಿಚಿತ್ರತಾಳ್’ ಅದರ ಮೂಲ. ಅದರ ನಾಯಕಿ ಸೌಂದರ್ಯ ನಮ್ಮ ಮುಳಬಾಗಿಲು ತಾಲ್ಲೂಕಿನವರು. ಹೆಸರು ಮಾಡಿದ್ದು ಜಾಸ್ತಿ ತೆಲುಗಿನಲ್ಲಿ. ಚಿತ್ರ ಬಿಡುಗಡೆ ಆಗುವ ಹೊತ್ತಿಗೆ ಅವರು ಇರಲಿಲ್ಲ, ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಚಿತ್ರದಲ್ಲಿ ನಾಯಕಿ ಮನೋರೋಗದಿಂದ ತಾನೇ ನಾಗವಲ್ಲಿ ಅನ್ನುವ ಹಳೆ ಕಾಲದ ನರ್ತಕಿ ಅಂದುಕೊಳ್ಳುತ್ತಾಳೆ. ನಮ್ಮ ಜಿಲ್ಲೆಯಲ್ಲಿ ನಾಗವಲ್ಲಿ ಅಂದರೆ ಇವತ್ತಿಗೂ ಸೌಂದರ್ಯ ಅವರ ಮುಖವೇ ಕಣ್ಣ ಮುಂದೆ ಬರುವುದು. ಹೀಗಿರುವಾಗ ಎರಡನೇ ಭಾಗ ಮಾಡುವುದು ಎಷ್ಟು ಕಷ್ಟ ಯೋಚಿಸಿ. ನಾಯಕಿ ಇಲ್ಲ. ರೋಗದ ಗುಟ್ಟು ಆಗಲೇ ಬಯಲಾಗಿದೆ. ಹಳಬರಿಗೆ ಎಲ್ಲಾ ಗೊತ್ತು, ಹೊಸಬರಿಗೆ ಏನೂ ಗೊತ್ತಿಲ್ಲ.

2010ರ ಫೆಬ್ರವರಿಯಲ್ಲಿ ಬಂದ ‘ಆಪ್ತರಕ್ಷಕ’ದಲ್ಲಿ ನಿರ್ದೇಶಕ ಪಿ. ವಾಸು ಮಾಡಿದ್ದು ಇಷ್ಟು. ನಾಗವಲ್ಲಿಯ ಚಿತ್ರಪಟವೊಂದು ಬೇರೆ ಯಾರದೋ ಮನೆಗೆ ಬಂದು ಸೇರುತ್ತದೆ. ಆ ಮನೆಯವರಿಗೆ ಅದು ಬರೀ ಒಂದು ಚೆಂದದ ಪಟ. ಪಟ ತೆರೆ ಮೇಲೆ ಬಂದ ಕ್ಷಣವೇ ಹಳೆ ಪ್ರೇಕ್ಷಕನ ಎದೆ ಝಲ್ ಅನ್ನುತ್ತದೆ, ಮುಂದೆ ಏನೋ ಕಾದಿದೆ ಅಂತ ಅವನಿಗೆ ಗೊತ್ತು. ಪಕ್ಕದಲ್ಲಿ ಕೂತ ಹೊಸಬನಿಗೆ ಏನೂ ಗೊತ್ತಿಲ್ಲ. ಅವನು ಆ ಮನೆಯವರ ಜೊತೆಗೇ ಹೆದರುತ್ತಾ, ಅವರ ಜೊತೆಗೇ ತಿಳಿದುಕೊಳ್ಳುತ್ತಾ ಹೋಗುತ್ತಾನೆ. ಒಂದೇ ದೃಶ್ಯ ಇಬ್ಬರಿಗೂ ಬೇರೆ ಬೇರೆ ಕೆಲಸ ಮಾಡುತ್ತದೆ. ವಿಷ್ಣುವರ್ಧನ್ ಅವರ ಡಾ. ವಿಜಯ್ ಅದೇ, ಅವಿನಾಶ್ ಅವರ ಆಚಾರ್ಯರ ಪಾತ್ರವೂ ಅದೇ. ಆದರೆ ಹಿಂದಿನ ಚಿತ್ರದಲ್ಲಿ ಹಿನ್ನೆಲೆಯಲ್ಲೇ ಉಳಿದಿದ್ದ ರಾಜನ ಕಥೆ ಇಲ್ಲಿ ದೊಡ್ಡದಾಗಿ ಬಿಚ್ಚಿಕೊಳ್ಳುತ್ತದೆ. ಹಳಬರಿಗೂ ಹೊಸದು ಸಿಕ್ಕಿತು. ‘ಆಪ್ತಮಿತ್ರ’ದಲ್ಲಿ ಅವರು ನಂಬಿದ್ದು ಯಾವುದೂ ಸುಳ್ಳಾಗಲಿಲ್ಲ.

ಆ ಚಿತ್ರ ಗೆದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಮರೆಮಾಚಬಾರದು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಿದ್ದರು. ಕೊನೆಯ ಸಲ ನೋಡಬೇಕು ಅಂತ ಹೋದವರೇ ಲೆಕ್ಕವಿಲ್ಲದಷ್ಟು. ಆದರೂ ಆ ಪಟದ ಉಪಾಯಕ್ಕೆ ಸಲ್ಲಬೇಕಾದದ್ದು ಸಲ್ಲಬೇಕು ಅಲ್ವಾ?

ದೀಪಾ ಹೆಗ್ಡೆ ಕೇಳುವ ಪ್ರಶ್ನೆ

‘ಕೆಜಿಎಫ್’ನಲ್ಲಿ ಈ ಕೆಲಸಕ್ಕೇ ಒಂದು ಪಾತ್ರ ಇಟ್ಟಿದ್ದಾರೆ. ಮಾಳವಿಕಾ ಅವಿನಾಶ್ ಮಾಡಿದ ಟಿವಿ ಪತ್ರಕರ್ತೆ ದೀಪಾ ಹೆಗ್ಡೆ. ಆಕೆಗೆ ಕಥೆ ಗೊತ್ತಿಲ್ಲ, ನಂಬಿಕೆಯೂ ಇಲ್ಲ. ಕೂತು ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಅವನು ಯಾರು, ಎಲ್ಲಿಂದ ಬಂದ, ಆಮೇಲೆ ಏನಾಯಿತು? ಚೆನ್ನಾಗಿ ನೋಡಿದರೆ ಆಕೆ ಕೇಳುವುದು ಹೊಸ ಪ್ರೇಕ್ಷಕನ ಪ್ರಶ್ನೆಗಳನ್ನೇ. ಉತ್ತರ ಬರುವುದು ಮಾತ್ರ ಅಭಿಮಾನಿಯ ಭಾಷೆಯಲ್ಲಿ, ನಾಯಕನನ್ನು ಎತ್ತಿ ಮೆರೆಸುವುದಕ್ಕೆ ಸಿನಿಮಾದವರು ಎಲಿವೇಷನ್ ಅನ್ನುತ್ತಾರಲ್ಲ ಆ ಧಾಟಿಯಲ್ಲಿ. ಹೊಸಬನಿಗೆ ಮಾಹಿತಿ ಸಿಗುವ ಹೊತ್ತಿಗೇ ಹಳಬ ಶಿಳ್ಳೆ ಹೊಡೆಯುತ್ತಾನೆ. ಹಿಂದಿನ ಕಥೆಯನ್ನು ವರದಿ ಥರ ಒಪ್ಪಿಸುವ ಸಿನಿಮಾಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದು.

ಎರಡನೇ ಅಧ್ಯಾಯದಲ್ಲಿ ಉತ್ತರ ಹೇಳುವವರು ಬದಲಾದರು. ಮೊದಲನೆಯದರಲ್ಲಿ ಅನಂತ್ ನಾಗ್ ಅವರ ಆನಂದ್ ಇಂಗಳಗಿ, ಎರಡನೆಯದರಲ್ಲಿ ಪ್ರಕಾಶ್ ರಾಜ್ ಅವರ ವಿಜಯೇಂದ್ರ ಇಂಗಳಗಿ. ಕನ್ನಡದವರಿಗೆ ಇದು ಚುಚ್ಚಿತು. ಅನಂತ್ ನಾಗ್ ಅವರ ದನಿಯಲ್ಲಿ ಕೇಳಿ ಅಭ್ಯಾಸವಾದ ಕಥೆಯನ್ನು ಇನ್ನೊಬ್ಬರು ಮುಂದುವರಿಸಿದಾಗ ಒಂದಷ್ಟು ಹೊತ್ತು ಕಿವಿ ಒಪ್ಪುವುದಿಲ್ಲ. ಬೇರೆ ಭಾಷೆಯವರಿಗೆ ಈ ಬದಲಾವಣೆ ದೊಡ್ಡ ವಿಷಯ ಆಗಿರಲಿಕ್ಕಿಲ್ಲ, ಅವರು ಮೊದಲ ಭಾಗವನ್ನೂ ಡಬ್ಬಿಂಗ್ ದನಿಯಲ್ಲೇ ಕೇಳಿದ್ದವರು. ಸಂಜಯ್ ದತ್, ರವೀನಾ ಟಂಡನ್ ಬಂದಾಗಲೂ ಹಾಗೇ. ನಮ್ಮ ಕಡೆ ಅದು ಹೊಸ ಪಾತ್ರಗಳ ಪ್ರವೇಶ, ಹಿಂದಿ ಕಡೆ ಪರಿಚಿತರ ಪ್ರವೇಶ. ಒಂದೇ ಆಯ್ಕೆ ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಸಣ್ಣ ಅನುಮಾನ. ‘ಇದು ಇನ್ನೂ ನಮ್ಮ ಸಿನಿಮಾನಾ?’ ಅನ್ನುವ ಅನುಮಾನ.

ಆ ಅನುಮಾನಕ್ಕೆ ಹಣದ ಆಧಾರ ಇದೆ. ಮೊದಲ ಅಧ್ಯಾಯದ ಹಿಂದಿ ಅವತರಣಿಕೆ ಗಳಿಸಿದ್ದು ಸುಮಾರು 44 ಕೋಟಿ ರೂಪಾಯಿ ಅಂತ ವ್ಯಾಪಾರ ವರದಿಗಳು ಹೇಳಿದವು. 2022ರ ಏಪ್ರಿಲ್ 14ಕ್ಕೆ ಬಂದ ಎರಡನೆಯದರ ಹಿಂದಿ ಗಳಿಕೆ 430 ಕೋಟಿ ದಾಟಿತು. ಹತ್ತು ಪಟ್ಟು. ಇಷ್ಟೊಂದು ಹೊಸಬರು ಒಂದೇ ಸಲ ಎಲ್ಲಿಂದ ಬಂದರು? ನಡುವೆ ಸುಮಾರು ಮೂರೂವರೆ ವರ್ಷ ಅಂತರ ಇತ್ತು. ಆ ಅವಧಿಯಲ್ಲಿ ಮೊದಲ ಭಾಗ ಟಿವಿಯಲ್ಲಿ ಬಂತು, ಪ್ರೈಮ್ ವಿಡಿಯೊದಲ್ಲಿ ಬಂತು, ಕೊರೊನಾ ಕಾಲದಲ್ಲಿ ಜನ ಮನೆಯಲ್ಲೇ ಕೂತಿದ್ದರು. ಅಂದರೆ ಎರಡನೇ ಭಾಗಕ್ಕೆ ಥಿಯೇಟರಿಗೆ ಬಂದ ‘ಹೊಸಬ’ ಹೊಸಬನೇ ಆಗಿರಲಿಲ್ಲ. ಅವನು ಸೋಫಾದ ಮೇಲೆ ಹಳಬನಾಗಿ ಬಂದಿದ್ದ. ಈಗ ಸರಣಿ ಮಾಡುವವರು ಎರಡು ಭಾಗದ ನಡುವಿನ ಅಂತರವನ್ನು ಸುಮ್ನೆ ಕಾಯುವ ಸಮಯ ಅಂದುಕೊಳ್ಳಬಾರದು. ಅಭಿಮಾನಿ ತಯಾರಾಗುವುದು ಆಗಲೇ.

‘ಬಾಹುಬಲಿ’ಯವರು ಇದನ್ನು ಇನ್ನೂ ಸರಳ ಮಾಡಿಟ್ಟಿದ್ದರು. 2015ರಿಂದ 2017ರವರೆಗೆ ಇಡೀ ದೇಶ ಒಂದೇ ಪ್ರಶ್ನೆ ಕೇಳುತ್ತಿತ್ತು: ಬಾಹುಬಲಿಯನ್ನು ಕಟ್ಟಪ್ಪ ಯಾಕೆ ಕೊಂದ? ಮೊದಲ ಭಾಗ ನೋಡದವರಿಗೂ ಪ್ರಶ್ನೆ ಗೊತ್ತಿತ್ತು. ಎರಡನೇ ಭಾಗಕ್ಕೆ ಹೋಗಲು ಅಷ್ಟು ಸಾಕಾಗಿತ್ತು. 2025ರ ಅಕ್ಟೋಬರ್ ಕೊನೆಗೆ ಎರಡೂ ಭಾಗ ಸೇರಿಸಿ ಒಂದೇ ಚಿತ್ರ ಮಾಡಿ ಮತ್ತೆ ಬಿಟ್ಟರು. ಮೊದಲು ಬಂದಾಗ ಪ್ರೈಮರಿ ಶಾಲೆಯಲ್ಲಿದ್ದ ಹುಡುಗರು ಈಗ ಕಾಲೇಜಿನಲ್ಲಿದ್ದಾರೆ, ಅವರಿಗೆ ಅದು ದೊಡ್ಡ ತೆರೆಯಲ್ಲಿ ಮೊದಲ ಸಲ.

ಕಾಂತಾರದ ಎರಡು ತರಹದ ಹಳಬರು

‘ಕಾಂತಾರ’ದ ವಿಷಯ ಇನ್ನೂ ಸೂಕ್ಷ್ಮ. 2022ರ ಸೆಪ್ಟೆಂಬರ್ 30ರಂದು ಅದು ಬಂದದ್ದು ಕನ್ನಡದಲ್ಲಿ ಮಾತ್ರ. ಬೇಡಿಕೆ ಬಂದ ಮೇಲೆ ಎರಡು ವಾರ ಬಿಟ್ಟು ಹಿಂದಿ, ತೆಲುಗು, ತಮಿಳು. ಅಂದರೆ ಆ ಸಿನಿಮಾ ಮಾಡುವಾಗ ಹೊರಗಿನವರಿಗೆ ಅರ್ಥವಾಗಬೇಕು ಅನ್ನುವ ಒತ್ತಡ ಕಡಿಮೆ ಇತ್ತು. ಕುಂದಾಪುರ ಕಡೆಯ ಕನ್ನಡ, ಕಂಬಳ, ಭೂತಕೋಲ, ಪಂಜುರ್ಲಿ, ಗುಳಿಗ ದೈವಗಳು. ಮಾಲೂರಿನಲ್ಲಿ ಕೂತು ನೋಡಿದ ನಮಗೂ ಇದೆಲ್ಲ ಹೊಸದೇ. ಮಾತು ಕೆಲವು ಕಡೆ ಅರ್ಧ ಅರ್ಥವಾಯಿತು. ಆದರೆ ಊರ ದೇವರ ಭಯ ಭಕ್ತಿ ನಮಗೆ ಗೊತ್ತಿಲ್ಲವೇ? ನಮ್ಮಲ್ಲಿ ಗಂಗಮ್ಮನ ಜಾತ್ರೆ ಇದೆ, ತಂಬಿಟ್ಟಿನ ದೀಪ ಹೊತ್ತು ಹೋಗುವ ಹೆಂಗಸರು ಇದ್ದಾರೆ, ಕರಗ ಇದೆ. ಆ ದಾರಿ ಹಿಡಿದು ನಾವೇ ಒಳಗೆ ಹೋದೆವು. ಯಾರೂ ಕೈ ಹಿಡಿದು ಕರೆದುಕೊಂಡು ಹೋಗಲಿಲ್ಲ. ಹೊಸ ಪ್ರೇಕ್ಷಕನಿಗೆ ಎಲ್ಲವೂ ತಿಳಿಯಬೇಕು ಅಂತ ಸಿನಿಮಾದವರು ಅಂದುಕೊಂಡಿರುವುದು ದೊಡ್ಡ ತಪ್ಪು ಲೆಕ್ಕ.

ಮುಂದಿನ ಚಿತ್ರ ‘ಅಧ್ಯಾಯ 1’ನ್ನು ಹಿಂದಿನ ಕಾಲಕ್ಕೆ ಒಯ್ದು, ಮೂಲದ ಕಥೆ ಮಾಡಿದರು. ಉಪಾಯ ಚೆನ್ನಾಗಿದೆ. ಹಿಂದಿನ ಕಾಲಕ್ಕೆ ಹೋದರೆ ಹೊಸಬ ಏನನ್ನೂ ತಪ್ಪಿಸಿಕೊಂಡಂತೆ ಆಗುವುದಿಲ್ಲ. ಬಹಳ ಜನ ಬಂದರು, ದೊಡ್ಡ ಗೆಲುವೇ ಆಯಿತು. ಆದರೆ ಮೊದಲ ‘ಕಾಂತಾರ’ವನ್ನು ಅದರ ಸಣ್ಣತನಕ್ಕೆ ಮೆಚ್ಚಿದವರು ಇದ್ದರು. ಒಂದು ಊರು, ಒಬ್ಬ ಉಡಾಳ, ಅರಣ್ಯ ಇಲಾಖೆ ಜೊತೆ ಕಿರಿಕ್, ಗೆಳೆಯರ ಹರಟೆ. ರಾಜ, ಯುದ್ಧ, ಗ್ರಾಫಿಕ್ಸ್ ಬಂದಾಗ ಅವರಿಗೆ ಕಣ್ಣು ತುಂಬಿತು, ಮನಸ್ಸು ಅಷ್ಟಕ್ಕಷ್ಟೆ. ನಾನೂ ಆ ಗುಂಪಿನವನೇ.

ಕರಾವಳಿಯ ದೈವಾರಾಧಕರು ಇನ್ನೊಂದು ಬಗೆಯ ಹಳಬರು. ಅವರಿಗೆ ಇದು ಅಭಿಮಾನದ ವಿಷಯವೇ ಅಲ್ಲ, ನಂಬಿಕೆಯ ವಿಷಯ. ‘ಅಧ್ಯಾಯ 1’ ಬಂದ ಮೇಲೆ ಕೆಲವರು ಥಿಯೇಟರಿನಲ್ಲಿ ದೈವದ ಹಾಗೆ ಕುಣಿದು ಕೂಗಾಡಿದರು. ದೈವವನ್ನು ಅನುಕರಿಸಬೇಡಿ ಅಂತ ಚಿತ್ರತಂಡವೇ ಸಾರ್ವಜನಿಕವಾಗಿ ಮನವಿ ಮಾಡಬೇಕಾಯಿತು. ಹೊಸ ಪ್ರೇಕ್ಷಕರಿಗೆ ಬಾಗಿಲು ತೆಗೆದಾಗ ಒಳಗೆ ಬಂದವರು ದೇವರ ಮನೆಗೂ ಚಪ್ಪಲಿ ಹಾಕಿಕೊಂಡೇ ನುಗ್ಗಿದ ಹಾಗಾಯಿತು. ಸರಣಿ ದೊಡ್ಡದಾದಷ್ಟೂ ಈ ಥರದ ಹಳಬರ ದನಿ ಬಾಕ್ಸಾಫೀಸ್ ಲೆಕ್ಕದಲ್ಲಿ ಕೇಳಿಸುವುದೇ ಇಲ್ಲ. ಅವರು ಟಿಕೆಟ್ ತಗೊಂಡವರಲ್ಲೇ ಇಲ್ಲದಿರಬಹುದು.

ನಂಬಿಸಿ ಸುಳ್ಳು ಮಾಡಿದ್ದು

ಹಳಬರನ್ನು ಕಳೆದುಕೊಳ್ಳುವುದು ಹೇಗೆ ಅಂತ ನೋಡಬೇಕಾದರೆ ‘ಸ್ಟಾರ್ ವಾರ್ಸ್’ ನೋಡಬೇಕು. 2015ರ ‘ದಿ ಫೋರ್ಸ್ ಅವೇಕನ್ಸ್’ 1977ರ ಮೊದಲ ಚಿತ್ರದ ಅಚ್ಚಿನಲ್ಲೇ ಎರಕ ಹೊಯ್ದದ್ದು. ಮರಳುಗಾಡಿನ ಅನಾಮಿಕ ಹುಡುಗಿ, ಗುಟ್ಟು ಹೊತ್ತ ಪುಟ್ಟ ರೋಬೊ, ಗ್ರಹವನ್ನೇ ಸುಡುವ ಆಯುಧ. ಹಳಬರು ಗೊಣಗಿಕೊಂಡೇ ಖುಷಿಪಟ್ಟರು, ಹೊಸಬರು ಸುಲಭವಾಗಿ ಒಳಗೆ ಬಂದರು. ಗಳಿಕೆ 200 ಕೋಟಿ ಡಾಲರ್ ದಾಟಿತು. 2017ರ ‘ದಿ ಲಾಸ್ಟ್ ಜೇಡೈ’ ಧೈರ್ಯ ಮಾಡಿತು. ಹಳೆ ನಾಯಕ ಲ್ಯೂಕ್ ಲೋಕದ ಸಹವಾಸ ಬೇಡ ಅಂತ ದ್ವೀಪದಲ್ಲಿ ಕೂತಿದ್ದ. ಹುಡುಗಿಯ ತಂದೆ ತಾಯಿ ಯಾರೋ ಸಾಮಾನ್ಯರು ಅಂತ ಹೇಳಿತು. ವಿಮರ್ಶಕರು ಮೆಚ್ಚಿದರು, ಅಭಿಮಾನಿಗಳಲ್ಲಿ ಒಂದು ದೊಡ್ಡ ಗುಂಪು ಸಿಟ್ಟಾಯಿತು.

ಇಲ್ಲಿಯವರೆಗೂ ಪರವಾಗಿಲ್ಲ, ಸಿಟ್ಟು ಕೂಡ ಒಂದು ಬಗೆಯ ಪ್ರೀತಿಯೇ. ಆಮೇಲೆ ನಡೆದದ್ದು ಕೆಟ್ಟದ್ದು. 2019ರ ‘ದಿ ರೈಸ್ ಆಫ್ ಸ್ಕೈವಾಕರ್’ ಸಿಟ್ಟಾದವರನ್ನು ಸಮಾಧಾನ ಮಾಡಲು ಹೊರಟ ಹಾಗೆ ಕಾಣುತ್ತದೆ. 1983ರ ಚಿತ್ರದಲ್ಲಿ ಸತ್ತಿದ್ದ ಚಕ್ರವರ್ತಿ ಮತ್ತೆ ಬದುಕಿ ಬಂದ. ಸಾಮಾನ್ಯರ ಮಗಳು ಅಂದಿದ್ದ ಹುಡುಗಿ ಅವನ ಮೊಮ್ಮಗಳಾದಳು. 1983ರದ್ದನ್ನು ನಂಬಿದವನಿಗೂ ಮೋಸ, 2017ರದ್ದನ್ನು ನಂಬಿದವನಿಗೂ ಮೋಸ. ಗಳಿಕೆ ಸುಮಾರು 107 ಕೋಟಿ ಡಾಲರ್‌ಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಅದು ಭಾರಿ ಮೊತ್ತವೇ, ಆ ಸರಣಿಯ ಲೆಕ್ಕದಲ್ಲಿ ಅರ್ಧಕ್ಕರ್ಧ ಕುಸಿತ. ಆ ಮೇಲೆ ವರ್ಷಗಟ್ಟಲೆ ಥಿಯೇಟರಿಗೆ ಹೊಸ ‘ಸ್ಟಾರ್ ವಾರ್ಸ್’ ಚಿತ್ರ ಬರಲಿಲ್ಲ.

ಅಭಿಮಾನಿ ಹೇಳಿದ ಹಾಗೆ ಕೇಳುವುದೂ ಅಭಿಮಾನಿಯನ್ನು ಗೌರವಿಸುವುದೂ ಬೇರೆ ಬೇರೆ. ಜೋರಾಗಿ ಕೂಗುವವನು ಒಟ್ಟು ಹಳಬರಲ್ಲಿ ಒಂದು ಭಾಗ ಅಷ್ಟೆ. ಉಳಿದವರು ಎರಡನೇ ಸಲ ಟಿಕೆಟ್ ತಗೊಳ್ಳದೇ ಇರುವ ಮೂಲಕ ಮಾತಾಡುತ್ತಾರೆ.

ಸೋಮವಾರದ ಲೆಕ್ಕ

ಕಥೆಯ ಮಟ್ಟದಲ್ಲಿ ಜಗಳ ಇಲ್ಲ ಅಂದೆ. ಹಾಗಾದರೆ ಜಗಳ ಹುಟ್ಟುವುದು ಎಲ್ಲಿ? ಮಾರುವ ಜಾಗದಲ್ಲಿ.

ತಾಲ್ಲೂಕು ಕೇಂದ್ರದ ಒಂದು ಸಿಂಗಲ್ ಸ್ಕ್ರೀನ್ ಲೆಕ್ಕ ನೋಡಿ. ಮೊದಲ ದಿನ ಮೊದಲ ಶೋ, ಕಟೌಟ್, ಹಾಲಿನ ಅಭಿಷೇಕ, ಪಟಾಕಿ. ಶುಕ್ರವಾರದಿಂದ ಭಾನುವಾರದವರೆಗೆ ಅಭಿಮಾನಿಗಳೇ ತುಂಬಿಸುತ್ತಾರೆ. ಸೋಮವಾರದಿಂದ ಬರಬೇಕಾದವರು ಊರಿನವರು. ಹಳ್ಳಿಯಿಂದ ಬೈಕಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಬರುವವರು, ನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿಸಿ ಬರುವ ಹುಡುಗ ಹುಡುಗಿಯರು, ಎಪಿಎಂಸಿಗೆ ಟೊಮೆಟೊ ಹಾಕಿ ಕೈಯಲ್ಲಿ ದುಡ್ಡಿರುವ ರೈತರು. (ಟೊಮೆಟೊಗೆ ರೇಟು ಬಿದ್ದ ವಾರ ಎಂಥಾ ಹೀರೊ ಬಂದರೂ ಬಾಲ್ಕನಿ ಖಾಲಿ, ಅದು ಬೇರೆ ಮಾತು.) ಇವರಲ್ಲಿ ಬಹಳ ಜನಕ್ಕೆ ಹಿಂದಿನ ಭಾಗ ಸರಿಯಾಗಿ ನೆನಪಿಲ್ಲ. ಅವರು ಬಂದರೆ ಸಿನಿಮಾ ಎರಡನೇ ವಾರ ನಿಲ್ಲುತ್ತದೆ, ಇಲ್ಲದಿದ್ದರೆ ಮುಂದಿನ ಶುಕ್ರವಾರಕ್ಕೆ ಪೋಸ್ಟರ್ ಬದಲು.

ದೊಡ್ಡ ಚಿತ್ರಗಳು ಈಗ ಹಾಕಿದ ಹಣವನ್ನು ಮೊದಲ ಮೂರು ನಾಲ್ಕು ದಿನದಲ್ಲೇ ಬಾಚಿಕೊಳ್ಳಲು ನೋಡುತ್ತವೆ. ಟಿಕೆಟ್ ದರ ಏರುವುದೂ ಆಗಲೇ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 200 ರೂಪಾಯಿ ಮಿತಿ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ದುಬಾರಿ ಮೊದಲ ದಿನಗಳ ಹೊರೆ ಹೊರುವವನು ಹಳೆ ಅಭಿಮಾನಿ. ಅವನಿಗಾಗಿ ಟ್ರೈಲರ್‌ನಲ್ಲಿ ಹಳೆ ಡೈಲಾಗು, ಹಳೆ ಹಿನ್ನೆಲೆ ಸಂಗೀತ. ಆ ಟ್ರೈಲರ್ ನೋಡಿದ ಹೊಸಬ ‘ಇದು ನನಗಲ್ಲ ಬಿಡು’ ಅಂದುಕೊಳ್ಳುತ್ತಾನೆ. ಸಿನಿಮಾದಲ್ಲಿ ಬಾಗಿಲು ಇದ್ದರೂ ಪೋಸ್ಟರಿನಲ್ಲಿ ಬೀಗ ಬಿದ್ದಿರುತ್ತದೆ.

ಈ ಬೀಗ ತೆಗೆಯುವವನು ಮತ್ತೆ ಹಳೆ ಅಭಿಮಾನಿಯೇ, ನಿರ್ಮಾಪಕರಿಗೆ ಇದು ಹೊಳೆದ ಹಾಗೆ ಕಾಣುವುದಿಲ್ಲ. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗರನ್ನು ಗಮನಿಸಿ. ‘ಮೊದಲನೇದು ನೋಡಿಲ್ವಾ ಮಗಾ? ಹೇಳ್ತೀನಿ ಕೇಳು’ ಅಂತ ಒಬ್ಬ ಶುರು ಮಾಡಿದರೆ ಬಂಗಾರಪೇಟೆ ದಾಟಿ ವೈಟ್‌ಫೀಲ್ಡ್ ಬರುವಷ್ಟರಲ್ಲಿ ಕಥೆ, ಫೈಟು, ಡೈಲಾಗು ಸಮೇತ ಮುಗಿದಿರುತ್ತದೆ. ಕೇಳಿದವನು ಶನಿವಾರ ಟಿಕೆಟ್ ಬುಕ್ ಮಾಡುತ್ತಾನೆ. ಮನೆಯಲ್ಲಿ ಅಮ್ಮನಿಗೆ, ಅತ್ತಿಗೆಗೆ ಕಥೆ ಹೇಳಿ ಹೊರಡಿಸುವವನೂ ಇವನೇ. ಹಿಂದಿನ ಭಾಗದ ಸಾರಾಂಶವನ್ನು ತೆರೆ ಮೇಲೆ ಹತ್ತು ನಿಮಿಷ ತೋರಿಸುವ ಅಗತ್ಯ ಇಲ್ಲ, ಆ ಕೆಲಸ ಇಲ್ಲಿ ಪುಕ್ಕಟೆ ನಡೆಯುತ್ತಿದೆ. ಅವನನ್ನು ನೋಯಿಸಿದರೆ ಅವನೊಬ್ಬನ ಟಿಕೆಟ್ ಮಾತ್ರ ಹೋಗುವುದಿಲ್ಲ, ಅವನ ಹಿಂದೆ ಬರಬೇಕಾಗಿದ್ದ ನಾಲ್ಕು ಹೊಸಬರೂ ಹೋಗುತ್ತಾರೆ.

ಮೂರನೇ ಅಧ್ಯಾಯ ಬಂದರೆ

ನಿಜವಾದ ಕೆಜಿಎಫ್ ಊರಿನವರು ಈ ಎರಡೂ ಗುಂಪಿಗೆ ಸೇರದವರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ ಗಣಿ ಅದು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಿನಿಮಾದಲ್ಲಿ ಚಿನ್ನ ಸಿಗುವುದು 1951ರಲ್ಲಿ, ನರಾಚಿ ಅನ್ನುವ ಕಲ್ಪನೆಯ ಜಾಗದಲ್ಲಿ. ಚಿತ್ರೀಕರಣ ನಡೆದದ್ದು ಮಾತ್ರ ಇಲ್ಲಿಯ ಸೈನೈಡ್ ದಿಬ್ಬಗಳ, ಅಂದರೆ ಗಣಿಯ ತ್ಯಾಜ್ಯ ಮಣ್ಣಿನ ಗುಡ್ಡಗಳ ಮೇಲೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವರು ಇದನ್ನು ತಮ್ಮ ಕಥೆ ಅಂತ ನೋಡಲಿಲ್ಲ, ತಮ್ಮ ದಿಬ್ಬ ಅಂತ ನೋಡಿದರು. ಅವರಿಗೂ ಒಂದು ಬಾಗಿಲು ಇತ್ತು ಅನ್ನಬಹುದು, ಆದರೆ ಅದು ಮನೆಯ ಹಿತ್ತಲ ಬಾಗಿಲು.

ಎರಡನೇ ಅಧ್ಯಾಯದ ಕೊನೆಗೆ ಮೂರನೆಯದರ ಸುಳಿವು ಇದೆ. ಅದು ಬರುತ್ತದೋ ಇಲ್ಲವೋ, ಬಂದರೆ ಅದರ ಮುಂದಿರುವ ತೊಡಕು ಸ್ಪಷ್ಟ. ನಾಯಕ ರಾಕಿ ಚಿನ್ನದ ಸಮೇತ ಸಮುದ್ರದ ಪಾಲಾಗಿದ್ದಾನೆ. ಸಾಯುವಾಗ ಶ್ರೀಮಂತನಾಗಿ, ಬಲಶಾಲಿಯಾಗಿ ಸಾಯಬೇಕು ಅಂತ ತಾಯಿ ತಗೊಂಡ ಮಾತು ಅಲ್ಲಿಗೆ ಪೂರ್ತಿಯಾಗುತ್ತದೆ. ಇಡೀ ಕಥೆ ನಿಂತಿರುವುದು ಆ ಮಾತಿನ ಮೇಲೆ. ಅವನು ಈಜಿ ದಡ ಸೇರಿದ ಅಂತ ತೋರಿಸಿದರೆ ಹಾಲ್‌ನಲ್ಲಿ ಶಿಳ್ಳೆ ಬೀಳುತ್ತದೆ, ಅನುಮಾನವೇ ಇಲ್ಲ. ತಾಯಿಗೆ ಕೊಟ್ಟ ಮಾತು ಮಾತ್ರ ಸುಳ್ಳಾಗುತ್ತದೆ. ಅದಕ್ಕಿಂತ ಕಥೆಯಲ್ಲಿ ಹೇಳದೇ ಬಿಟ್ಟ ವರ್ಷಗಳಿಗೆ ಹೋಗುವುದು ಒಳ್ಳೆಯದು. ಹೊಸಬನಿಗೂ ಅದೇ ಸಲೀಸು. ನಾನಂತೂ ಮೊದಲ ಹತ್ತು ನಿಮಿಷದಲ್ಲಿ ಒಂದನ್ನೇ ಹುಡುಕುತ್ತೇನೆ: ಕ್ಯಾಮೆರಾ ಇಟ್ಟುಕೊಂಡು, ನಂಬದೇ ಪ್ರಶ್ನೆ ಕೇಳುವ ದೀಪಾ ಹೆಗ್ಡೆ ಈ ಸಲವೂ ಇದ್ದಾರೋ ಇಲ್ಲವೋ?